ಬ್ರೇಕಿನ ಚರಿತ್ರೆ: ಗ್ಯಾರೇಜಿನಿಂದ ಕೋರ್ಟಿನವರೆಗೆ

ತುಮಕೂರಿನ ಕೋರ್ಟಿರಲಿ, ಗುಬ್ಬಿ ಕುಣಿಗಲ್ಲಿನ ಕೋರ್ಟಿರಲಿ, ಮೋಟಾರು ಅಪಘಾತ ಪರಿಹಾರದ ಕೇಸಿನ ಕಡತ ಬಿಡಿಸಿ ನೋಡಿದರೆ ಒಳಗಿರೋ ಕಾಗದಗಳು ಹೆಚ್ಚೂ ಕಡಿಮೆ ಒಂದೇ. ಎಫ್‌ಐಆರ್, ಸ್ಥಳದ ಮಹಜರು, ಸ್ಕೆಚ್ಚು, ಗಾಯದ ಸರ್ಟಿಫಿಕೇಟು, ಚಾರ್ಜ್‌ಶೀಟು. ಇವುಗಳ ಮಧ್ಯೆ ಒಂದೋ ಎರಡೋ ಪುಟದ ಇನ್ನೊಂದು ಕಾಗದ ಇರುತ್ತೆ, ಅದಕ್ಕೆ ಐಎಂವಿ ರಿಪೋರ್ಟು ಅಂತಾರೆ. ಮೋಟಾರು ವಾಹನ ನಿರೀಕ್ಷಕರು ಪೊಲೀಸ್ ಸ್ಟೇಷನ್ನಿನ ಮುಂದೆ ನಿಲ್ಲಿಸಿದ ಗಾಡಿಯನ್ನ ನೋಡಿ, ಎಲ್ಲೆಲ್ಲಿ ಜಖಂ ಆಗಿದೆ, ಬ್ರೇಕ್ ಸರಿಯಿದೆಯಾ ಅಂತ ಬರೆದು, ಕೊನೆಗೆ ಒಂದು ಸಾಲು ಸೇರಿಸಿರ್ತಾರೆ: ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಆದದ್ದಲ್ಲ. ಬಹುಪಾಲು ಕಡತಗಳಲ್ಲಿ ಇದೇ ಸಾಲು. ಯಾರೂ ಎರಡನೇ ಸಲ ಓದಲ್ಲ.

ಈ ಸಾಲಿನ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಅಂತ ಹುಡುಕೋಕೆ ಶುರು ಮಾಡಿದ್ದು ಕುಣಿಗಲ್ಲಿನ ನಮ್ಮ ನೆಂಟರ ಹುಡುಗ ಕೇಳಿದ ಪ್ರಶ್ನೆಯಿಂದ. ಅವನ ಹತ್ತಿರ ಒಂದು ಹಳೇ ಜೀಪಿದೆ. "ಮಾವ, ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸೋಣ ಅಂತಿದೀನಿ. ಆರ್‌ಟಿಓನೋರು ಹಿಡೀತಾರಾ? ನಾಳೆ ಏನಾದ್ರೂ ಆದ್ರೆ ಇನ್ಶೂರೆನ್ಸ್ ಬರುತ್ತಾ?" ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋ ಹಾಗಿದ್ದರೆ ನಾನು ಇಷ್ಟುದ್ದ ಬರೀತಾ ಇರಲಿಲ್ಲ. ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಬ್ರೇಕ್ ಅನ್ನೋದು ಯಾರ ಜವಾಬ್ದಾರಿ ಅನ್ನೋ ಪ್ರಶ್ನೆಗೆ ಕಾನೂನು ಒಂದೊಂದು ಕಾಲದಲ್ಲಿ ಒಬ್ಬೊಬ್ಬರ ಕಡೆ ಕೈ ತೋರಿಸಿದೆ.

ಮೊದಲು ಬ್ರೇಕಿನದೇ ಚರಿತ್ರೆ ಸ್ವಲ್ಪ ನೋಡೋಣ. ಈಗ ನಾವು "ಹೊಸದು" ಅಂದುಕೊಳ್ಳೋ ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ತಗೊಂಡದ್ದು 1902ರಲ್ಲಿ. ಅದೇ ವರ್ಷ ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕಿಗೆ ಒಂದು ರೂಪ ಕೊಟ್ಟ. ಗೆದ್ದದ್ದು ಡ್ರಮ್ಮು. ಅದಕ್ಕೆ ಧೂಳು, ಕೆಸರು ಅಷ್ಟಾಗಿ ತಾಗಲ್ಲ, ಅಗ್ಗ, ಕಡಿಮೆ ಒತ್ತಿದರೂ ಹಿಡಿಯುತ್ತೆ. ಡಿಸ್ಕ್ ಮರ್ಯಾದೆ ಗಳಿಸೋಕೆ 1953ರ ಲೆ ಮಾನ್ ರೇಸಿನವರೆಗೆ ಕಾಯಬೇಕಾಯ್ತು. ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಕಾರು ಅಲ್ಲಿ ಗೆದ್ದ ಮೇಲೆ ಉಳಿದವರೆಲ್ಲ ಹಿಂದೆ ಬಿದ್ದರು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಬಂತು. ಚಕ್ರ ಲಾಕ್ ಆಗದ ಹಾಗೆ ತಡೆಯೋ ಎಬಿಎಸ್ ಬಾಷ್ ಕಂಪನಿಯಿಂದ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು.

ನಮ್ಮಲ್ಲಿ? ಅಂಬಾಸಿಡರು, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪು... ದಶಕಗಟ್ಟಲೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಗತಿ. ನಿಲ್ಲಿಸೋಕೆ ಕಾಲಿನ ಬಲ ಬೇಕಿತ್ತು. ಆದರೂ ನಡೀತಿತ್ತು, ಯಾಕಂದ್ರೆ ಗಾಡಿಗಳು ಓಡ್ತಾ ಇದ್ದದ್ದೇ ಅಷ್ಟರಲ್ಲಿತ್ತು. ಗುಬ್ಬಿ ಮೇಲೆ ತಿಪಟೂರಿಗೆ, ಹೊನ್ನಾವರಕ್ಕೆ ಹೋಗೋ ರಸ್ತೆ (ಹಳೇ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 206) ಎರಡು ಲಾರಿ ಎದುರು ಬದುರಾದರೆ ಒಂದು ಕೆಳಗಿಳಿಯಬೇಕಾದಷ್ಟು ಅಗಲ ಇತ್ತು. ಕೊಬ್ಬರಿ, ಅಡಿಕೆ ಹೇರಿಕೊಂಡ ಗಾಡಿ ಯಾವ ವೇಗದಲ್ಲಿ ಹೋಗೋಕಾಗುತ್ತೆ ಹೇಳಿ.

ಆ ಕಾಲದ ಕಾನೂನು ಕೂಡ ಹಾಗೇ ಇತ್ತು. 1939ರ ಮೋಟಾರು ವಾಹನ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು, ಮೈಸೂರು ಸಂಸ್ಥಾನದ ತುಮಕೂರಿಗೆ ಅದು ಬಂದದ್ದು ಸ್ವಾತಂತ್ರ್ಯದ ನಂತರ. ಅದರಲ್ಲಿ ಗಾಡಿ ಹೇಗಿರಬೇಕು, ಬ್ರೇಕು ಸ್ಟೇರಿಂಗು ಹೇಗಿರಬೇಕು ಅಂತ ನಿಯಮ ಮಾಡೋ ಅಧಿಕಾರ ರಾಜ್ಯಕ್ಕಿತ್ತು. ನಮ್ಮ 1963ರ ಮೈಸೂರು ಮೋಟಾರು ವಾಹನ ನಿಯಮಗಳು ಹುಟ್ಟಿದ್ದು ಹಾಗೆ. ನಿರೀಕ್ಷಕರಿಗೆ ಬೇಕಾಗಿದ್ದು ಒಂದೇ: ಗಾಡಿ ನಿಲ್ಲುತ್ತಾ ಇಲ್ವಾ. ಒಳಗಿನ ಬ್ರೇಕ್ ಶೂ ಯಾವ ಕಂಪನಿಯದು, ಮಾಸ್ಟರ್ ಸಿಲಿಂಡರ್ ಇನ್ನೊಂದು ಗಾಡಿಯದಾ ಅನ್ನೋದು ಅವರ ತಲೆನೋವಲ್ಲ.

ಈ ಸಡಿಲದಲ್ಲೇ ಊರೂರಿನ ಗ್ಯಾರೇಜುಗಳು ಬೆಳೆದವು. ಜೀಪಿಗೆ ವ್ಯಾಕ್ಯೂಮ್ ಬೂಸ್ಟರ್ ಕೂರಿಸೋದು, ಬೇರೆ ಗಾಡಿಯ ಗುಜರಿಯಿಂದ ಡಿಸ್ಕು ಕ್ಯಾಲಿಪರ್ ತಂದು ಬ್ರಾಕೆಟ್ ಕೊರೆದು ಹಾಕೋದು, ಸವೆದ ಶೂಗೆ ಹೊಸ ಲೈನಿಂಗ್ ರಿವೆಟ್ ಹೊಡೆಯೋದು. ಇದನ್ನ "ಮಾಡಿಫಿಕೇಶನ್" ಅಂತ ಯಾರೂ ಕರೀತಿರಲಿಲ್ಲ. ರಿಪೇರಿ ಅಷ್ಟೇ. ನನಗಂತೂ ಆ ಮೇಸ್ತ್ರಿಗಳ ಮೇಲೆ ಗೌರವ ಇದೆ. ಬಿಡಿಭಾಗ ಸಿಗದ ಕಾಲದಲ್ಲಿ ಗಾಡಿ ಓಡಿಸಿದವರು ಅವರು.

1988ರ ಹೊಸ ಕಾಯ್ದೆ (ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ) ಬ್ರೇಕಿನ ವಿಷಯವನ್ನ ಬೆಂಗಳೂರಿನಿಂದ ದೆಹಲಿಗೆ ಎತ್ತಿಕೊಂಡು ಹೋಯಿತು. ಗಾಡಿಯ ರಚನೆ ಬಗ್ಗೆ ನಿಯಮ ಮಾಡೋ ಅಧಿಕಾರ ಕೇಂದ್ರಕ್ಕೆ ಸೇರಿತು. 1989ರ ಕೇಂದ್ರ ನಿಯಮಗಳಲ್ಲಿ 96ನೇ ನಿಯಮ ಪೂರ್ತಿ ಬ್ರೇಕಿನದು. ಜೊತೆಗೆ 126ನೇ ನಿಯಮದ ಪ್ರಕಾರ ಪ್ರತಿ ಮಾದರಿಯ ಗಾಡಿಯನ್ನೂ ಕಂಪನಿಯವರು ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೋಬೇಕು. ಅಲ್ಲಿಗೆ ಪ್ರಶ್ನೆಯೇ ಬದಲಾಯ್ತು ನೋಡಿ. "ನಿಲ್ಲುತ್ತಾ?" ಅನ್ನೋ ಜಾಗದಲ್ಲಿ "ಒಪ್ಪಿಗೆ ಸಿಕ್ಕ ಹಾಗೇ ಇದೆಯಾ?" ಅಂತ ಕೇಳೋ ಕಾಲ ಬಂತು.

ಮಾರ್ಪಾಡಿಗೆ ಸಂಬಂಧಪಟ್ಟದ್ದು 52ನೇ ಸೆಕ್ಷನ್ನು. ಅದು ಮೊದಲು ಹೇಗಿತ್ತು ಅಂತ ಓದಿದಾಗ ನಗು ಬಂತು. ಮಾಲೀಕ ಏನು ಬದಲಾಯಿಸಬೇಕು ಅಂತಿದ್ದಾನೋ ಅದನ್ನ ಆರ್‌ಟಿಓಗೆ ಬರೆದು ಕೊಡಬೇಕು, ಏಳು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿದ ಹಾಗೇ ಲೆಕ್ಕ! ಸರ್ಕಾರಿ ಆಫೀಸಿನ ಮೌನವೇ ಸಮ್ಮತಿ. 2000ದ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಬದಲಾಯಿಸಬಾರದು ಅಂತ ಆಯ್ತು. "ಮಾರ್ಪಾಡು" ಅಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗೋಂಥ ರಚನೆಯ ಬದಲಾವಣೆ ಅಂತ ಒಂದು ವಿವರಣೆಯೂ ಸೇರಿತು.

ಈಗ ನಿಮ್ಮ ಗಾಡಿಯ ಆರ್‌ಸಿ ತೆಗೆದು ನೋಡಿ. ಚಾಸಿಸ್ ನಂಬರಿದೆ, ಎಂಜಿನ್ ನಂಬರಿದೆ, ಸಿಸಿ, ಸೀಟು, ತೂಕ, ಬಣ್ಣ ಎಲ್ಲ ಇದೆ. ಬ್ರೇಕಿನ ಕಾಲಮ್ಮೇ ಇಲ್ಲ. ಹಾಗಾದರೆ ಡ್ರಮ್ ತೆಗೆದು ಡಿಸ್ಕ್ ಹಾಕಿದರೆ ಆರ್‌ಸಿಯ ಯಾವ ವಿವರ ತಪ್ಪಾಯ್ತು? ಬ್ರೇಕು ಗಾಡಿಯ "ಮೂಲ ಲಕ್ಷಣ"ವೋ ಅಲ್ಲವೋ? ಬರೀ ಅಕ್ಷರ ಹಿಡಿದು ವಾದ ಮಾಡಿದರೆ ಮಾಲೀಕನ ಪರವಾಗೂ ಹೇಳಬಹುದು. ಆದರೆ 2019ರ ಜನವರಿಯಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ಸೆಕ್ಷನ್ನನ್ನ ಬಿಗಿಯಾಗಿ ಓದಿತು. ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, ರಾಜ್ಯದ ನಿಯಮ ತೋರಿಸಿ ತಪ್ಪಿಸಿಕೊಳ್ಳೋ ಹಾಗೂ ಇಲ್ಲ ಅಂತ. ಆ ಕೇಸು ಬ್ರೇಕಿನದಲ್ಲ, ಗಾಡಿಯ ರಚನೆಯದು. ಆದರೂ ಅದರ ನೆರಳು ಬ್ರೇಕಿನ ಮೇಲೂ ಬೀಳುತ್ತೆ.

ಅದೇ ವರ್ಷ ಸೆಪ್ಟೆಂಬರ್ 1ರಿಂದ ದಂಡವೂ ಬಂತು. ಹೊಸ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಬಿಡಿಭಾಗ ಅಳವಡಿಸಿ ಮಾರ್ಪಾಡು ಮಾಡಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೇಂದ್ರ ಸರ್ಕಾರ ಸುರಕ್ಷತೆಗೆ ಅತಿ ಮುಖ್ಯ ಅಂತ ಗುರುತಿಸಿದ ಬಿಡಿಭಾಗವನ್ನ ನಿಯಮಕ್ಕೆ ಒಪ್ಪದ ಹಾಗೆ ಮಾರಿದವನಿಗೆ ಒಂದೊಂದಕ್ಕೆ ಒಂದು ಲಕ್ಷ. ಇದು ಬೇರೆ, 190ನೇ ಸೆಕ್ಷನ್ ಬೇರೆ. ಗಾಡಿಯಲ್ಲಿ ಅಪಾಯದ ದೋಷ ಇದೆ ಅಂತ ಗೊತ್ತಿದ್ದೂ ಓಡಿಸಿದರೆ 1,500 ರೂಪಾಯಿವರೆಗೆ, ಅದರಿಂದ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000ದವರೆಗೆ ದಂಡ. ಒಂದು ವಿಚಿತ್ರ ಗಮನಿಸಿ: ಸವೆದ ಬ್ರೇಕಿನಲ್ಲಿ ಓಡಿಸೋನಿಗಿಂತ ಒಳ್ಳೇ ಬ್ರೇಕ್ ಹಾಕಿಸಿಕೊಂಡೋನಿಗೇ ಕಾನೂನು ಹೆಚ್ಚು ಮುನಿಸು ತೋರಿಸಬಹುದು.

ಹಾಗಂತ ಎಲ್ಲವೂ ತಪ್ಪಲ್ಲ. ಅದೇ ಅಳತೆಯ ಪ್ಯಾಡು, ಡಿಸ್ಕು, ಲೈನಿಂಗು, ಹೋಸು ಹೊಸದು ಹಾಕೋದು ಬರೀ ನಿರ್ವಹಣೆ, ಕಂಪನಿ ಬೇರೆಯಾದರೂ ಸರಿ. ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಬ್ರೇಕ್ ಆಯಿಲ್ ಬದಲಾಯಿಸೋದಕ್ಕೂ ಯಾರ ಅನುಮತಿಯೂ ಬೇಡ. ಡ್ರಮ್ ಕಿತ್ತು ಡಿಸ್ಕ್ ಮಾಡೋದು, ದೊಡ್ಡ ಕ್ಯಾಲಿಪರ್ ಕೂರಿಸೋದು, ಮಾಸ್ಟರ್ ಸಿಲಿಂಡರ್ ಬದಲಾಯಿಸೋದು ಇವೆಲ್ಲ ಗೆರೆ ದಾಟಿದ ಹಾಗೆ. ಎಬಿಎಸ್ ತೆಗೆಸೋದಂತೂ ಸುಮ್ಮನೆ ಮೈಮೇಲೆ ಎಳಕೊಳ್ಳೋದು, 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಸಿಎನ್‌ಜಿ ಕಿಟ್ಟಿಗೆ, ಎಲೆಕ್ಟ್ರಿಕ್ ಕಿಟ್ಟಿಗೆ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸೋ ದಾರಿ ಇದೆ. ಬ್ರೇಕ್ ಕಿಟ್ ತಂದ ಸಾಮಾನ್ಯ ಮಾಲೀಕನಿಗೆ ಅಂಥ ದಾರಿ ಕಾಣೋದಿಲ್ಲ.

ಇಲ್ಲಿ ದೇವರಾಯನದುರ್ಗದ ಮಾತು ಎತ್ತಲೇಬೇಕು. ತುಮಕೂರಿನಿಂದ ಸುಮಾರು ಹದಿನೈದು ಕಿಲೋಮೀಟರು. ಬಯಲುಸೀಮೆಯವರಾದ ನಮಗೆ ಘಾಟಿ ಅಂತ ಇರೋದೇ ಅದು. ಭೋಗನರಸಿಂಹನ ದರ್ಶನ ಮಾಡಿ, ಮೇಲೆ ಯೋಗನರಸಿಂಹನ ಹತ್ತಿರ ಹೋಗಿ ಇಳಿಯುವಾಗ ಕಾರಿನ ಚಕ್ರದಿಂದ ಸುಟ್ಟ ವಾಸನೆ ಬರೋದನ್ನ ನೀವೂ ಮೂಸಿರಬಹುದು. ಗಾಡಿ ನಿಲ್ಲಿಸೋದು ಅಂದರೆ ಅದರ ಓಟದ ಶಕ್ತಿಯನ್ನ ಶಾಖ ಮಾಡೋದು. ವೇಗ ಎರಡರಷ್ಟಾದರೆ ಆ ಶಕ್ತಿ ನಾಲ್ಕರಷ್ಟಾಗುತ್ತೆ. ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಕೊಂಡು ಬ್ರೇಕ್ ಮೇಲೇ ಕಾಲಿಟ್ಟು ಬಂದರೆ ಶಾಖ ಹೋಗೋಕೆ ಜಾಗವಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 4 ದರ್ಜೆಯದು ಹೊಸದರಲ್ಲಿ 230 ಡಿಗ್ರಿಗಿಂತ ಮೊದಲು ಕುದಿಯಬಾರದು ಅಂತ ಮಾನದಂಡ, ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯುತ್ತೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತೆ. "ಬ್ರೇಕ್ ಫೇಲ್" ಅಂತ ಪೇಪರಿನಲ್ಲಿ ಬರೋ ಎಷ್ಟೋ ಕಥೆಗಳಲ್ಲಿ ಮುರಿದದ್ದು ಏನೂ ಇರಲಿಕ್ಕಿಲ್ಲ, ಆಯಿಲ್ ಬದಲಾಯಿಸಿ ವರ್ಷಗಳಾಗಿರುತ್ತೆ ಅಷ್ಟೇ.

ದೊಡ್ಡ ಡಿಸ್ಕು ಶಾಖ ತಡೆಯೋಕೆ ಒಳ್ಳೇದು, ನಿಜ. ಆದರೆ ಒಂದೇ ಸಲ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗೋ ಮಟ್ಟಕ್ಕೆ ಈಗಿನ ಬ್ರೇಕೇ ಹಿಡಿಯುತ್ತೆ ಅಂದರೆ, ಇನ್ನು ಗಾಡಿ ನಿಲ್ಲಬೇಕಾಗಿರೋದು ಟೈರಿನ ಹಿಡಿತದಲ್ಲಿ. ಆಗ ಒಳ್ಳೇ ಟೈರು ಹಾಕಿಸಿದರೆ ಬರೋ ಲಾಭ ಡಿಸ್ಕ್ ಹಾಕಿಸಿದರೆ ಬರಲ್ಲ. ಇನ್ನೊಂದು, ಮುಂದಿನ ಹಿಂದಿನ ಬ್ರೇಕಿನ ಹಂಚಿಕೆಯನ್ನ ಕಂಪನಿಯವರು ಲೆಕ್ಕ ಹಾಕಿ ಇಟ್ಟಿರ್ತಾರೆ. ಅದು ಕೆಟ್ಟು ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ತಿರುಗಿ ಬೀಳುತ್ತೆ. ಸುವರ್ಣ ಚತುಷ್ಪಥ ಬಂದ ಮೇಲೆ ಬೆಂಗಳೂರು ತುಮಕೂರು ರಸ್ತೆಯಲ್ಲೂ, ಕುಣಿಗಲ್ ಮೇಲಿನ ಹಾಸನ ರಸ್ತೆಯಲ್ಲೂ ಹೋಗೋ ವೇಗದಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಇನ್ಶೂರೆನ್ಸಿಗೆ ಬರೋಣ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಅಂತ 1939ರ ಕಾಯ್ದೆಯಲ್ಲೇ ಇತ್ತಾದರೂ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. 1956ರ ತಿದ್ದುಪಡಿಯಿಂದ ಪರಿಹಾರಕ್ಕೆಂದೇ ಟ್ರಿಬ್ಯೂನಲ್ಲುಗಳು ಬಂದವು. ನಮ್ಮ ತಾಲ್ಲೂಕು ಕೋರ್ಟಿನ ಸೀನಿಯರ್ ಸಿವಿಲ್ ಜಡ್ಜರೇ ಇವತ್ತು ಆ ಟ್ರಿಬ್ಯೂನಲ್ ಕೂಡ ಹೌದು. ಇಡೀ ವ್ಯವಸ್ಥೆ ನಿಂತಿರೋದು ರಸ್ತೆಯಲ್ಲಿ ಪೆಟ್ಟು ತಿಂದೋನ ಮನೆಯವರಿಗೆ ದುಡ್ಡು ಸಿಗಬೇಕು ಅನ್ನೋದರ ಮೇಲೆ. ಅದಕ್ಕೇ ವಿಮಾ ಕಂಪನಿ ಯಾವ ಯಾವ ಕಾರಣ ಹೇಳಿ ತಪ್ಪಿಸಿಕೊಳ್ಳಬಹುದು ಅಂತ ಕಾಯ್ದೆಯೇ ಪಟ್ಟಿ ಮಾಡಿ ಕಟ್ಟಿಹಾಕಿದೆ. ಮೊದಲು 149ನೇ ಸೆಕ್ಷನ್ನು, 2022ರ ಏಪ್ರಿಲ್‌ನಿಂದ 150. ಲೈಸೆನ್ಸ್ ಇಲ್ಲದ ಡ್ರೈವರು, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದು, ರೇಸು ಇವೆಲ್ಲ ಅದರಲ್ಲಿವೆ. "ಬ್ರೇಕ್ ಬದಲಾಯಿಸಿದ್ದ" ಅನ್ನೋದು ಇಲ್ಲ. ಮುಖ್ಯವಾದ ಸಂಗತಿ ಮುಚ್ಚಿಟ್ಟು ಪಾಲಿಸಿ ತಗೊಂಡಿದ್ದಾನೆ ಅಂತ ಮಾತ್ರ ಹೇಳಬಹುದು, ಅದನ್ನ ಸಾಬೀತು ಮಾಡೋ ಹೊರೆ ಕಂಪನಿಯದು. ಅಂದರೆ ಆ ಹುಡುಗನ ಜೀಪಿನಿಂದ ದಾರಿಹೋಕನಿಗೆ ಪೆಟ್ಟಾದರೆ ಅವನ ಪರಿಹಾರ ಡಿಸ್ಕ್ ಬ್ರೇಕಿನಿಂದ ಸುಲಭಕ್ಕೆ ಮುಳುಗಲ್ಲ.

ಮಾಲೀಕನ ತಲೆ ಮೇಲೆ ಬರೋದು ಬೇರೆ ಕಡೆಯಿಂದ. 1977ರಲ್ಲಿ ಸುಪ್ರೀಂ ಕೋರ್ಟು ಒಂದು ತತ್ವ ಹೇಳಿತು: ಯಾಂತ್ರಿಕ ದೋಷದಿಂದ ಅಪಘಾತವಾಯ್ತು ಅಂತ ಮಾಲೀಕ ಹೇಳಿದರೆ, ಆ ದೋಷ ಒಳಗೆ ಅಡಗಿತ್ತು, ಸಾಕಷ್ಟು ಎಚ್ಚರಿಕೆಯಿಂದ ನೋಡಿಕೊಂಡಿದ್ದರೂ ಕಾಣುತ್ತಿರಲಿಲ್ಲ ಅಂತ ಅವನೇ ತೋರಿಸಬೇಕು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1969ರಲ್ಲಿ ಇದೇ ಥರದ ಕೇಸು ನೋಡಿತ್ತು. ಗುಡ್ಡ ಇಳೀತಿದ್ದ ಲಾರಿಯ ಬ್ರೇಕ್ ಪೈಪು ತುಕ್ಕು ಹಿಡಿದು ಒಡೆದು ಒಬ್ಬ ಸತ್ತ. ತುಕ್ಕು ಹಿಡಿದ ಜಾಗ ಪೈಪು ಬಿಚ್ಚದೆ ಕಾಣುತ್ತಿರಲಿಲ್ಲ. ಆದರೂ ಮಾಲೀಕರು ಸೋತರು, ಯಾಕಂದ್ರೆ ಆ ಲಾರಿ ಅಷ್ಟು ವರ್ಷ ಏನೇನು ಹೊತ್ತಿತ್ತು, ಹೇಗೆ ಬಳಕೆಯಾಗಿತ್ತು ಅನ್ನೋ ಚರಿತ್ರೆಯನ್ನ ಅವರು ಕೋರ್ಟಿನ ಮುಂದೆ ಇಡಲಿಲ್ಲ. ಗುಜರಿ ಕ್ಯಾಲಿಪರಿಗೆ ಯಾವ ಚರಿತ್ರೆ ಇರುತ್ತೆ? ಬಿಲ್ಲೂ ಇರಲ್ಲ.

ಇನ್ನು ನಮ್ಮದೇ ಗಾಡಿಯ ಜಖಂ. ಅದು ಒಪ್ಪಂದದ ವಿಷಯ, ಅಲ್ಲಿ ಕಾಯ್ದೆಯ ಆ ರಕ್ಷಣೆ ಇಲ್ಲ. 2002ರ ಮೋಟಾರು ಟ್ಯಾರಿಫ್ ಕಾಲದಿಂದ ಬಂದ ಪಾಲಿಸಿಯ ಷರತ್ತುಗಳಲ್ಲಿ ಗಾಡಿಯನ್ನ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು, ಕಂಪನಿಯವರು ಯಾವಾಗ ಬಂದರೂ ಪರೀಕ್ಷೆಗೆ ಬಿಡಬೇಕು ಅಂತಿದೆ. ಯಾಂತ್ರಿಕ ವೈಫಲ್ಯದ, ಸವೆತದ ಖರ್ಚು ಕೊಡಲ್ಲ ಅಂತಲೂ ಇದೆ. ಹಾಕಿಸಿದ ಕಿಟ್ಟಿನ ಬೆಲೆಯನ್ನ ಪಾಲಿಸಿಯಲ್ಲಿ ಹೆಚ್ಚುವರಿ ಸಾಮಾನು ಅಂತ ತೋರಿಸದಿದ್ದರೆ ಅದರ ದುಡ್ಡು ಬರೋ ಮಾತೇ ಇಲ್ಲ.

ಇಲ್ಲಿ ನಮ್ಮ ಪಕ್ಕದ ಹಾಸನದ ಒಂದು ಕೇಸು ಇಡೀ ದೇಶಕ್ಕೆ ದಾರಿ ತೋರಿಸಿದೆ. ಒಂದು ಸರಕು ಗಾಡಿಯಲ್ಲಿ ಪಾಲಿಸಿ ಹೇಳಿದ್ದಕ್ಕಿಂತ ಹೆಚ್ಚು ಜನ ಕೂತಿದ್ದರು, ಎದುರಿಂದ ಬಂದ ಗಾಡಿಗೆ ಡಿಕ್ಕಿಯಾಯ್ತು. ಷರತ್ತು ಮುರಿದಿದ್ದೀಯ ಅಂತ ವಿಮಾ ಕಂಪನಿ ಕ್ಲೇಮು ತಳ್ಳಿಹಾಕಿತು, ರಾಷ್ಟ್ರೀಯ ಗ್ರಾಹಕ ಆಯೋಗವೂ ಕಂಪನಿಯ ಪರ ನಿಂತಿತು. 1996ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಿರುಗಿಸಿತು. ಹೆಚ್ಚು ಜನ ಕೂತದ್ದರಿಂದ ಅಪಘಾತ ಆಗಿಲ್ಲವಲ್ಲ, ಮತ್ತೆ ಆ ಕಾರಣಕ್ಕೆ ಕ್ಲೇಮು ಯಾಕೆ ತಳ್ಳಬೇಕು ಅನ್ನೋದು ಅದರ ತಿರುಳು. 2010ರ ಇನ್ನೊಂದು ತೀರ್ಪಿನಲ್ಲಿ ಬಳಕೆಯ ಷರತ್ತು ಮುರಿದಿದ್ದರೂ ಪೂರ್ತಿ ತಳ್ಳದೆ 75% ಕೊಡಿ ಅಂತ ಆಯ್ತು. ಬ್ರೇಕಿಗೆ ಇದನ್ನ ಹಚ್ಚಿ ನೋಡಿ. ಸಿಗ್ನಲ್ಲಿನಲ್ಲಿ ನಿಂತಿದ್ದ ನಿಮ್ಮ ಕಾರಿಗೆ ಹಿಂದಿನಿಂದ ಬಸ್ಸು ಗುದ್ದಿದರೆ ನಿಮ್ಮ ಕ್ಯಾಲಿಪರ್ ಯಾವ ಬಣ್ಣದ್ದಾದರೆ ಏನು :) ಆದರೆ ಮೇಸ್ತ್ರಿ ಹಾಕಿದ ಹೋಸು ಚಕ್ರಕ್ಕೆ ಉಜ್ಜಿ ಹರಿದು ನೀವೇ ಹೋಗಿ ಮರಕ್ಕೆ ಗುದ್ದಿದರೆ, ಹಾಸನದ ತೀರ್ಪು ನಿಮ್ಮ ಕೈ ಹಿಡಿಯಲ್ಲ. ಯಾವುದರಿಂದ ಏನಾಯ್ತು ಅನ್ನೋದನ್ನ ತೀರ್ಮಾನ ಮಾಡೋ ಮೊದಲ ಕಾಗದ ಮತ್ತೆ ಅದೇ ಐಎಂವಿ ರಿಪೋರ್ಟು, ಅದರ ಜೊತೆಗೆ ಸರ್ವೇಯರ್ ತೆಗೆದ ಫೋಟೋಗಳು.

ನನಗೆ ಬೇಜಾರಾಗೋದು ಇಲ್ಲೇ. ಟ್ಯಾಕ್ಸಿ, ಲಾರಿ, ಬಸ್ಸಿಗಾದರೆ ಕಾಲಕಾಲಕ್ಕೆ ಎಫ್‌ಸಿ ಇದೆ. ಸ್ವಂತ ಕಾರಿಗೆ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ಅಂದರೆ ಸರ್ಕಾರದ ಕಣ್ಣು ನಮ್ಮ ಕಾರಿನ ಬ್ರೇಕಿನ ಮೇಲೆ ಬೀಳೋದು ಹೊಸದರಲ್ಲಿ ಒಮ್ಮೆ, ಹದಿನೈದು ವರ್ಷ ಆದಮೇಲೆ ಒಮ್ಮೆ, ಇಲ್ಲವೇ ಯಾರಾದರೂ ಸತ್ತ ಮೇಲೆ. ಡಿಸ್ಕ್ ಹಾಕಿಸಿದೋನಿಗೆ ದಂಡ ಬರೆಯೋಕೆ ಸೆಕ್ಷನ್ ಇದೆ. ಅವನ ಕೆಲಸ ಸರಿಯಾಗಿದೆಯಾ ಅಂತ ರೋಲರ್ ಮೇಲೆ ಹತ್ತಿಸಿ ನೋಡಿ ಸಹಿ ಹಾಕಿಕೊಡೋ ಕಿಟಕಿ ಇಲ್ಲ. 2021ರಲ್ಲಿ ಯಂತ್ರದಿಂದಲೇ ತಪಾಸಣೆ ಮಾಡೋ ಕೇಂದ್ರಗಳಿಗೆ ನಿಯಮ ಬಂದಿದೆ. ಅಂಥ ಕಡೆ ಬ್ರೇಕ್ ಪರೀಕ್ಷೆಯ ರೋಲರ್ ಇರುತ್ತೆ, ಅಲ್ಲೇ ಈ ಕೆಲಸವನ್ನೂ ಸೇರಿಸಬಹುದಿತ್ತು.

ಹುಡುಗನಿಗೆ ನಾನು ಹೇಳಿದ್ದು: ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ ಹೊಸ ಲೈನಿಂಗು, ಹೊಸ ಹೋಸು, ಹೊಸ ಆಯಿಲ್ಲು, ಒಳ್ಳೇ ಟೈರು ಹಾಕಿಸು. ಬಿಲ್ಲು ಇಟ್ಟುಕೋ. ಆಮೇಲೂ ಡಿಸ್ಕ್ ಬೇಕು ಅನ್ನಿಸಿದರೆ ವಿಮಾ ಕಂಪನಿಗೂ ಆರ್‌ಟಿಓಗೂ ಮೊದಲೇ ಬರೆದು ಕೇಳು, ಬರಹದಲ್ಲೇ ಉತ್ತರ ತಗೋ. ಬಾಯಿಮಾತಲ್ಲಿ ಏಜೆಂಟು "ಏನೂ ಆಗಲ್ಲ ಬಿಡಿ" ಅಂದದ್ದು ಕ್ಲೇಮಿನ ದಿನ ಯಾರಿಗೂ ನೆನಪಿರಲ್ಲ.

ಹುಡುಕುವಾಗ ಸಿಕ್ಕಿದ ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. ಬ್ರೇಕನ್ನೇ ಬದಲಾಯಿಸಿ, ಅನುಮತಿ ಪಡೆದು, ಆರ್‌ಸಿಯಲ್ಲೂ ಬರೆಸೋ ಸ್ಪಷ್ಟ ದಾರಿ ಒಂದು ಇದ್ದೇ ಇದೆ. ಕಾಲಿನ ಶಕ್ತಿ ಇ‌ಲ್ಲದವರಿಗಾಗಿ ಪೆಡಲ್ ಬದಲು ಕೈಯಲ್ಲಿ ಒತ್ತೋ ಬ್ರೇಕು, ಆಕ್ಸಿಲರೇಟರು ಅಳವಡಿಸಿದ ಕಾರುಗಳು. 52ನೇ ಸೆಕ್ಷನ್ನಿನಲ್ಲೇ ಅವರಿಗೆ ವಿನಾಯಿತಿ ಇದೆ. ಅದಕ್ಕೂ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು, ಗಾಡಿ ಅವರ ಹೆಸರಲ್ಲೇ ಇರಬೇಕು.